ಹೊರಗೆ ಮಳೆ, ಒಳಗೆ ಮಾಲ್ಗುಡಿ

ಹೋದ ತಿಂಗಳು ಮಗಳಿಗೆ ಮೂರು ದಿನ ಜ್ವರ. ಸ್ಕೂಲಿಲ್ಲ, ಆಟ ಇಲ್ಲ, ಬರೀ ಗಂಜಿ ಮತ್ತು ಮಾತ್ರೆ. ದಿವಾನದ ಮೇಲೆ ರಗ್ಗು ಹೊದ್ದುಕೊಂಡು ಟಿವಿ ನೋಡ್ತಾ ಮಲಗಿದ್ದಳು. ಏನು ನೋಡ್ತಿದಾಳೆ ಅಂತ ಇಣುಕಿದ್ರೆ, ಈಗಾಗಲೇ ಹತ್ತು ಸಲವಾದರೂ ನೋಡಿ ಮುಗಿಸಿರೋ ಅದೇ ಕಾರ್ಟೂನು! "ಹೊಸದು ಅಷ್ಟೊಂದಿದೆ, ಅದನ್ನೇ ಯಾಕೆ ನೋಡ್ತೀಯ ಪುಟ್ಟಿ? ಮುಂದೇನಾಗುತ್ತೆ ಅಂತ ಗೊತ್ತಲ್ಲ?" ಅಂದೆ. "ಗೊತ್ತು, ಅದಕ್ಕೇ" ಅಂದಳು. ಆಮೇಲೆ ರಗ್ಗನ್ನು ಕಿವಿವರೆಗೆ ಎಳ್ಕೊಂಡು, "ಕೋಜಿಯಾಗಿರುತ್ತೆ ಅಪ್ಪಾ" ಅಂತ ಸೇರಿಸಿದಳು.

ಈ 'ಕೋಜಿ' ಅನ್ನೋದಕ್ಕೆ ಕನ್ನಡದಲ್ಲಿ ಏನಂತೀವಿ ಅಂತ ಅವತ್ತಿಡೀ ತಲೆ ಕೆರ್ಕೊಂಡೆ. ಹಾಯಾಗಿ? ಹಿತ? ನೆಮ್ಮದಿ? ಎಲ್ಲಾ ಹತ್ತಿರ ಹತ್ತಿರ, ಆದ್ರೆ ಯಾವುದೂ ಅದೇ ಅಲ್ಲ. ಕೊನೆಗೆ ನಮ್ಮಜ್ಜಿ ಬಳಸ್ತಿದ್ದ ಪದವೇ ಸಿಕ್ತು: ಬೆಚ್ಚಗೆ. ಅಜ್ಜಿ ತೀರ್ಥಹಳ್ಳಿ ಕಡೆಯವರು. ಹೊರಗೆ ಜಡಿಮಳೆ ಹೊಡೀತಿರಬೇಕು, ಒಳಗೆ ಒಲೆ ಮುಂದೆ ಹಪ್ಪಳ ಸುಟ್ಕೊಂಡು ಕೂತಿರಬೇಕು, ಅದು ಬೆಚ್ಚಗೆ. ಹೊರಗೆ ಮಳೆಯೇ ಇಲ್ಲದಿದ್ರೆ ಆ ಪದಕ್ಕೆ ಅರ್ಥವೂ ಇಲ್ಲ.

ಅಜ್ಜಿ ನೆನಪಾದ ಕೂಡಲೇ ನನ್ನ ಪಾಲಿನ ಬೆಚ್ಚಗಿನ ಸೀರಿಯಲ್ ಯಾವುದು ಅನ್ನೋದಕ್ಕೂ ಉತ್ತರ ಸಿಕ್ತು. ನಿಮ್ಮಲ್ಲಿ ಬಹಳ ಜನರ ಉತ್ತರವೂ ಅದೇ ಇರುತ್ತೆ ಅಂತ ಗೊತ್ತು. ಮಾಲ್ಗುಡಿ ಡೇಸ್. ಅದರ ಬಗ್ಗೆ ಎಲ್ಲರೂ ಬರೆದು ಮುಗಿಸಿದಾರೆ, ನಾನೇನು ಹೊಸದಾಗಿ ಕುಟ್ಟೋದು ಅಂದ್ಕೊಂಡಿದ್ದೆ. ಆದ್ರೆ ಜ್ವರದ ಮಗಳ ಪಕ್ಕ ಕೂತು ಮತ್ತೆ ಒಂದಷ್ಟು ಕಂತು ನೋಡಿದಾಗ ಒಂದು ವಿಷಯ ತಲೆಗೆ ಹೊಕ್ಕಿತು. ಅದನ್ನ ಹೇಳೋಕೆ ಈ ಬರಹ. ಸ್ವಲ್ಪ ಉದ್ದ ಇದೆ, ಕಾಫಿ ಮಾಡ್ಕೊಂಡು ಬಂದು ಓದಿ :-)

*

ಮೊದಲು ಆ ಕಾಲದ ಕತೆ.

ದೆಹಲಿಯಲ್ಲಿ ದೂರದರ್ಶನ ಶುರುವಾಗಿದ್ದು 1959ರಲ್ಲಿ. ಆದ್ರೆ ನಮ್ಮ ಬೆಂಗಳೂರಿಗೆ ಕೇಂದ್ರ ಬಂದಿದ್ದು 1981ರ ನವೆಂಬರ್ 1ಕ್ಕೆ, ರಾಜ್ಯೋತ್ಸವದ ದಿನ. ಮರುವರ್ಷ, 1982ರ ಆಗಸ್ಟ್ 15ಕ್ಕೆ ಇಡೀ ದೇಶಕ್ಕೆ ಒಂದೇ ಸಲ ಹೋಗುವ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯ್ತು. ಅದೇ ವರ್ಷ ದೆಹಲಿ ಏಷ್ಯನ್ ಗೇಮ್ಸ್ ನೆಪದಲ್ಲಿ ಬಣ್ಣವೂ ಬಂತು. 1984ರಲ್ಲಂತೂ ದಿನಕ್ಕೊಂದು ಅನ್ನೋ ಹಾಗೆ ಊರೂರಿಗೆ ಸಣ್ಣ ಟ್ರಾನ್ಸ್‌ಮಿಟರ್ ನಿಲ್ಲಿಸುತ್ತಾ ಹೋದ್ರು. ಹಳ್ಳಿ, ಪೇಟೆಗಳ ಹಂಚಿನ ಮಾಡುಗಳ ಮೇಲೆ ಮೀನಿನ ಮುಳ್ಳಿನಂಥ ಆಂಟೆನಾ ಏಳತೊಡಗಿದ್ದು ಆಗಲೇ.

ನಮ್ಮ ಮನೆ ಮೈಸೂರಿನಲ್ಲಿ. ಅಪ್ಪ ತಂದಿದ್ದು ಡಯನೋರಾ ಕಪ್ಪು-ಬಿಳುಪು ಟಿವಿ. ಮರದ ಪೆಟ್ಟಿಗೆ, ಎರಡು ಕಡೆಗೂ ಸರಿಯುವ ಬಾಗಿಲು, ಮೇಲೆ ಅಮ್ಮ ಕಸೂತಿ ಹಾಕಿದ ಬಟ್ಟೆ. ದೇವರ ಕೋಣೆಗೆ ಬಿಟ್ರೆ ಮನೇಲಿ ಬಾಗಿಲು ತೆಗೆದು ಎಲ್ಲರೂ ಕೂತು ನೋಡೋ ಇನ್ನೊಂದು ಜಾಗ ಅಂದ್ರೆ ಅದೇ. ಹೊತ್ತಾದ ಕೂಡಲೇ ಎಲ್ಲರಿಗೂ ಅವರವರ ಜಾಗ. ಅಪ್ಪನಿಗೆ ಬೆತ್ತದ ಕುರ್ಚಿ. ಅಜ್ಜಿ ಗೋಡೆಗೊರಗಿ, ಕಾಲು ಚಾಚಿ. ಅಮ್ಮ ಅಡುಗೆಮನೆ ಬಾಗಿಲಲ್ಲಿ ಅರ್ಧ ಇಲ್ಲಿ, ಅರ್ಧ ಒಲೆ ಹತ್ತಿರ. ನಾವು ಮಕ್ಕಳು ನೆಲದ ಮೇಲೆ, ಆದಷ್ಟೂ ಟಿವಿ ಹತ್ತಿರ. ಬೀದಿಯಲ್ಲಿ ಟಿವಿ ಇಲ್ಲದ ಮನೆಯವರು ಬಂದರೆ ಚಾಪೆ. ಇನ್ನೂ ಇಬ್ಬರಿದ್ದರು, ಅವರ ಜಾಗದ ಬಗ್ಗೆ ಆಮೇಲೆ ಹೇಳ್ತೀನಿ.

ಆಗ ಸೀರಿಯಲ್ ಅನ್ನೋದೇ ಹೊಸ ವಸ್ತು. 1984ರ ಜುಲೈನಲ್ಲಿ 'ಹಮ್ ಲೋಗ್' ಶುರುವಾಯ್ತು. ಬರೆದವರು ಮನೋಹರ್ ಶ್ಯಾಮ್ ಜೋಶಿ. ಮೆಕ್ಸಿಕೋ ದೇಶದ ಧಾರಾವಾಹಿಗಳಿಂದ ಕಲಿತು, ಕುಟುಂಬ ಯೋಜನೆಯಂಥ ವಿಚಾರಗಳನ್ನ ಕತೆಯ ಮೂಲಕ ಜನರಿಗೆ ತಲುಪಿಸಬೇಕು ಅನ್ನೋದು ಅದರ ಹಿಂದಿದ್ದ ಯೋಚನೆ. ಅದಕ್ಕೇ ಪ್ರತಿ ಕಂತಿನ ಕೊನೆಗೆ ನಟ ಅಶೋಕ್ ಕುಮಾರ್ ಬಂದು ನಾಲ್ಕು ಮಾತು ಹೇಳ್ತಿದ್ರು. ಊಟ ಮುಗಿದ ಮೇಲೆ ಮನೆಯ ಹಿರಿಯರು ಬುದ್ಧಿ ಹೇಳ್ತಾರಲ್ಲ, ಹಾಗೆ. ಅದೂ ಒಂಥರಾ ಬೆಚ್ಚಗೇ ಇತ್ತು ಅನ್ನಿ. ಆಮೇಲೆ 'ನುಕ್ಕಡ್', 'ಬುನಿಯಾದ್' ಬಂದ್ವು. 1987ರ ಜನವರಿಯಲ್ಲಿ 'ರಾಮಾಯಣ' ಬಂದ ಮೇಲಂತೂ ಭಾನುವಾರ ಬೆಳಿಗ್ಗೆ ಬೀದಿಗಳೆಲ್ಲ ಖಾಲಿ.

ಇವೆಲ್ಲದರ ನಡುವೆ, 1986ರಲ್ಲಿ, ಮಾಲ್ಗುಡಿ ಬಂತು. ಅದರಲ್ಲಿ ದೇವರು ಇರಲಿಲ್ಲ, ದೇಶವಿಭಜನೆ ಇರಲಿಲ್ಲ, ಕೊನೆಗೆ ಬುದ್ಧಿ ಹೇಳೋ ಹಿರಿಯರೂ ಇರಲಿಲ್ಲ. ಇದ್ದದ್ದು ಒಂದು ಸಣ್ಣ ಊರು.

*

ಆ ಊರು ಹುಟ್ಟಿದ್ದು ಎಲ್ಲಿ ಅನ್ನೋದು ನಮಗೆಲ್ಲ ಹೆಮ್ಮೆಯ ವಿಷಯ. ಮದರಾಸಿನಲ್ಲಿ ಹುಟ್ಟಿ ಮೈಸೂರಿನಲ್ಲಿ ಬದುಕಿದ ಆರ್.ಕೆ. ನಾರಾಯಣ್, 1930ರ ವಿಜಯದಶಮಿಯ ದಿನ ಬೆಂಗಳೂರಿನಲ್ಲಿ ಕೂತು ಬರೆಯೋಕೆ ಶುರು ಮಾಡಿದ್ರು. ದಿನ ನೋಡಿ ಹೇಳಿದ್ದು ಅವರ ಅಜ್ಜಿ. ಅವತ್ತು ಅವರ ಕಣ್ಣೆದುರು ಮೊದಲು ಬಂದಿದ್ದು ಒಂದು ಸಣ್ಣ ರೈಲ್ವೆ ಸ್ಟೇಷನ್ನು, ಅದರ ಹೆಸರು ಮಾಲ್ಗುಡಿ. ಊರು ಬಂದಿದ್ದು ಆಮೇಲೆ. ಸರಯೂ ನದಿ, ಮೆಂಪಿ ಬೆಟ್ಟ, ಕಬೀರ್ ಬೀದಿ, ಲಾಲಿ ಎಕ್ಸ್‌ಟೆನ್ಷನ್, ಆಲ್ಬರ್ಟ್ ಮಿಷನ್ ಸ್ಕೂಲು ಎಲ್ಲವೂ ಒಂದೊಂದಾಗಿ ಸೇರಿಕೊಂಡವು. ಗ್ರಹಾಂ ಗ್ರೀನ್ ಅವರ ನೆರವಿನಿಂದ ಮೊದಲ ಕಾದಂಬರಿ 'ಸ್ವಾಮಿ ಅಂಡ್ ಫ್ರೆಂಡ್ಸ್' 1935ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾಯ್ತು. ಅಲ್ಲಿಂದ ಮುಂದೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅವರು ಹೊಸ ಊರಿಗೆ ಹೋಗಬೇಕು ಅಂತ ಹಟ ಹಿಡಿಯಲೇ ಇಲ್ಲ. ಅದೇ ಊರು, ಅದೇ ಬೀದಿ, ಬೇರೆ ಬೇರೆ ಮನೆಗಳು.

ಆ ಊರನ್ನ ಪರದೆಗೆ ತರೋದು ಸುಲಭ ಇರಲಿಲ್ಲ. ಅವರ 'ದಿ ಗೈಡ್' ಕಾದಂಬರಿ 1965ರಲ್ಲಿ ಹಿಂದಿ ಸಿನಿಮಾ ಆಯ್ತು. ದೇವಾನಂದ್, ವಹೀದಾ ರೆಹಮಾನ್, ಎಸ್.ಡಿ. ಬರ್ಮನ್ ಹಾಡುಗಳು. ಸಿನಿಮಾ ಗೆದ್ದಿತು. ಆದ್ರೆ ನಾರಾಯಣ್‌ಗೆ ಬೇಜಾರು. ಸಿನಿಮಾದವರಿಗೆ ಅವರೇ ಮೈಸೂರು ಸುತ್ತಮುತ್ತಲ ಊರು, ನದಿ, ಗುಡಿ ತೋರಿಸಿದ್ದರೂ, ಅವರು ಕತೆಯನ್ನ ರಾಜಸ್ಥಾನದ ಕಡೆಗೆ ಎತ್ಕೊಂಡು ಹೋದ್ರು. ಈ ಕುರಿತು ನಾರಾಯಣ್ 'ಮಿಸ್‌ಗೈಡೆಡ್ ಗೈಡ್' ಅಂತ ಒಂದು ಪ್ರಬಂಧವನ್ನೇ ಬರೆದಿದಾರೆ. ಅದರಲ್ಲಿ ಸಿಟ್ಟಿಗಿಂತ ನಗು ಜಾಸ್ತಿ, ಆದ್ರೆ ದೂರು ನಿಜದ್ದೇ.

ಆ ದೂರನ್ನ ನಾನು ಹೀಗೆ ಅರ್ಥ ಮಾಡ್ಕೋತೀನಿ. ಮಾಲ್ಗುಡಿಗೆ ಚೆಂದ ಮುಖ್ಯ ಅಲ್ಲ, ಅಳತೆ ಮುಖ್ಯ. ಈ ತುದಿಯಿಂದ ಆ ತುದಿಗೆ ಒಬ್ಬ ಹುಡುಗ ಓಡಿ ಹೋಗುವಷ್ಟೇ ಊರು ಇರಬೇಕು. ಅಂಗಡಿಯವನಿಗೆ ನೀವು ಯಾರ ಮಗ ಅಂತ ಗೊತ್ತಿರಬೇಕು. ಅರಮನೆ, ಕೋಟೆ, ಸಾವಿರ ಜನದ ಗುಂಪು ಬಂದ್ರೆ ಅದು ಬೇರೆ ಕತೆ.

*

ಶಂಕರ್‌ನಾಗ್‌ಗೆ ಈ ಅಳತೆ ಗೊತ್ತಿತ್ತು. ಆಗ ಅವರಿಗೆ ಮೂವತ್ತರ ಆಸುಪಾಸು. ನಿರ್ಮಾಪಕ ಟಿ.ಎಸ್. ನರಸಿಂಹನ್. ಛಾಯಾಗ್ರಹಣ ಎಸ್. ರಾಮಚಂದ್ರ, ಕಲಾ ನಿರ್ದೇಶನ ಜಾನ್ ದೇವರಾಜ್. ಜಾಗ ಆಗುಂಬೆ.

ಇಲ್ಲೊಂದು ತಮಾಷೆ ಗಮನಿಸಿದೀರಾ? ನಾರಾಯಣ್ ಬರೆದ ಮಾಲ್ಗುಡಿ ಬಿಸಿಲಿನ ಊರು. ಧೂಳು, ಸೆಕೆ, ಬೇಸಿಗೆ ಮಧ್ಯಾಹ್ನ. ಶಂಕರ್‌ನಾಗ್ ಅದನ್ನ ತಂದಿಟ್ಟಿದ್ದು ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಮಲೆನಾಡಿನ ತುದಿಯಲ್ಲಿ! ಅಂದ್ರೆ ಅವರೂ ಊರನ್ನ ಸ್ಥಳಾಂತರ ಮಾಡಿದವರೇ. ಆದ್ರೂ ಅದು ಮಾಲ್ಗುಡಿಯಾಗಿಯೇ ಉಳೀತು, ಯಾಕಂದ್ರೆ ಅಳತೆ ಕೆಡಲಿಲ್ಲ. ಆಗುಂಬೆಯ ಒಂದೇ ಪೇಟೆ ಬೀದಿ, ಹಂಚಿನ ಮನೆಗಳು, ಜಗಲಿಗಳು. ಸ್ವಾಮಿಯ ಮನೆಯಾಗಿ ತೋರಿಸಿದ 'ದೊಡ್ಡಮನೆ' ಹೆಸರಿಗೆ ದೊಡ್ಡದು, ಒಳಗೆ ಹೋದ್ರೆ ಎಲ್ಲಾ ಕಂಬಗಳೂ ಕೈಗೆ ಸಿಗೋ ಹಾಗಿವೆ.

ನಟರೂ ಹಾಗೇ. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್. ಗದರುವ ಅಪ್ಪನಾಗಿ ಗಿರೀಶ್ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ. ಮಿಠಾಯಿ ಮಾರುವ ಜಗನ್ ಆಗಿ ಅನಂತ್‌ನಾಗ್. ವಿಷ್ಣುವರ್ಧನ್ ಕೂಡ ಒಂದು ಕಂತಿನಲ್ಲಿ ಕಾಣಿಸ್ಕೋತಾರೆ. ನಮ್ಮ ದೊಡ್ಡ ದೊಡ್ಡ ನಟರೆಲ್ಲ ಅಲ್ಲಿ ಪಕ್ಕದ ಮನೆಯವರ ಹಾಗೆ ಬಂದು ಹೋದ್ರು. ಶುರುವಿನಲ್ಲಿ ತಮ್ಮ ಆರ್.ಕೆ. ಲಕ್ಷ್ಮಣ್ ಅವರ ಗೆರೆಗಳು, ಜೊತೆಗೆ ಎಲ್. ವೈದ್ಯನಾಥನ್ ಅವರ ಆ ಗುನುಗು. ಅದಕ್ಕೆ ಸಾಹಿತ್ಯ ಅಂತಿಲ್ಲ, ಹಾಗಾಗಿ ಅದು ಯಾವ ಭಾಷೆಯದ್ದೂ ಅಲ್ಲ, ಎಲ್ಲರದ್ದೂ ಹೌದು. ಅಡುಗೆಮನೆಯಲ್ಲಿರುವ ಅಮ್ಮನನ್ನ ಕರೆಯೋಕೆ ನಾವು ಕೂಗಬೇಕಾಗಿರಲಿಲ್ಲ. ಆ ದನಿಯೇ ಕರೀತಿತ್ತು.

ಮೊದಲು ಬಂದದ್ದು 39 ಕಂತು. ಅದರಲ್ಲಿ ಮೊದಲ 13 ಇಂಗ್ಲಿಷಿನಲ್ಲೂ ತಯಾರಾದವು. ಎಷ್ಟೋ ವರ್ಷದ ಮೇಲೆ, 2006ರಲ್ಲಿ, ಕವಿತಾ ಲಂಕೇಶ್ ನಿರ್ದೇಶನದಲ್ಲಿ ಇನ್ನೂ 15 ಬಂದವು. ಇಂಗ್ಲಿಷಿನಲ್ಲಿ ಬರೆದದ್ದು, ಮೈಸೂರಿನಲ್ಲಿ ಬೆಳೆದದ್ದು, ಮಲೆನಾಡಿನಲ್ಲಿ ಕನ್ನಡದ ನಟರು ಆಡಿದ್ದು, ಕೊನೆಗೆ ನಮ್ಮ ಮನೆಗೆ ಬಂದದ್ದು ಹಿಂದಿಯಲ್ಲಿ! ನಮ್ಮದೇ ಅಂಗಳದ ಮಾತನ್ನ ದೆಹಲಿ ಸುತ್ತಿ ಬಂದ ಮೇಲೆ ಕೇಳಿಸಿಕೊಂಡ ಹಾಗೆ.

ಅಜ್ಜಿಗೆ ಹಿಂದಿ ಒಂದಕ್ಷರ ಬರ್ತಿರಲಿಲ್ಲ. ನಾನು ಆಗ ಹಿಂದಿ 'ಪ್ರಥಮಾ' ಪರೀಕ್ಷೆಗೆ ಕಟ್ಟಿದ್ದ ಮಹಾ ಪಂಡಿತ :-) ಹಾಗಾಗಿ ಭಾಷಾಂತರದ ಕೆಲಸ ನನ್ನದು. ಮೊದಲ ಕಂತಿನಲ್ಲೇ ಆ ಕೆಲಸ ಹೋಯ್ತು. ಪರದೆ ಮೇಲೆ ಆ ಮನೆ ಬಂತು, ಮುಂಡಿಗೆಗಳು, ಜಗಲಿ, ಒಳ ಅಂಗಳ. ಅಜ್ಜಿ ಚಾಚಿದ್ದ ಕಾಲು ಮಡಚಿ ನೆಟ್ಟಗೆ ಕೂತರು. "ಇದು ನಮ್ಮ ಕಡೆ ಮನೆ ಮಾರಾಯ" ಅಂದರು. ಅಜ್ಜ ಹೋದ ಮೇಲೆ ಊರಿನ ಮನೆ ಮಾರಿ ಮೈಸೂರಿಗೆ ಬಂದು ಆಗ ನಾಲ್ಕು ವರ್ಷ ಆಗಿತ್ತು. ಊರಿನ ಬಗ್ಗೆ ಅವರು ಮಾತೇ ಆಡ್ತಿರಲಿಲ್ಲ. ಅವತ್ತಿಂದ ಪ್ರತಿ ಕಂತಿಗೂ ಹಿಂದಿಯ ಮೇಲೆ ಅಜ್ಜಿಯ ವಿವರಣೆ ಓಡ್ತಿತ್ತು. ಆ ಕೋಣೆಯಲ್ಲಿ ಏನಿರುತ್ತೆ, ಆ ಅಟ್ಟಕ್ಕೆ ಹೇಗೆ ಹತ್ತೋದು, ಸೌದೆ ಎಲ್ಲಿ ಒಣಗಿಸ್ತಾರೆ. ಕತೆಯಲ್ಲಿ ಸ್ವಾಮಿ ಏನು ಮಾಡಿದ ಅನ್ನೋದು ಅಜ್ಜಿಗೆ ಅಷ್ಟು ಮುಖ್ಯ ಇರಲಿಲ್ಲ. ವಾರಕ್ಕೊಮ್ಮೆ ಆ ಮನೆಯೊಳಗೆ ಹೋಗಿ ಬರೋದು ಮುಖ್ಯ ಇತ್ತು.

*

ಈಗ ತಲೆಗೆ ಹೊಕ್ಕ ವಿಷಯಕ್ಕೆ ಬರ್ತೀನಿ. ಮಾಲ್ಗುಡಿ ಅಂದ್ರೆ ಮುದ್ದು ಮುದ್ದು, ಸಿಹಿ ಸಿಹಿ ಅಂತ ನನ್ನ ನೆನಪು ಹೇಳ್ತಿತ್ತು. ಮತ್ತೆ ನೋಡಿದ್ರೆ, ಅಯ್ಯೋ, ಎಷ್ಟೊಂದು ದುಃಖ!

ಅಪ್ಪ ಮಗಳನ್ನ ಸಿನಿಮಾಕ್ಕೆ ಕರ್ಕೊಂಡು ಹೋಗ್ತೀನಿ ಅಂತ ಮಾತು ಕೊಟ್ಟಿರ್ತಾನೆ. ಆಫೀಸು ಬಿಡಲ್ಲ. ಸಿಟ್ಟಿನಲ್ಲಿ ರಾಜೀನಾಮೆ ಬರೀತಾನೆ, ಅಷ್ಟರಲ್ಲಿ ಸಂಬಳ 40ರಿಂದ 45 ರೂಪಾಯಿ ಆಗುತ್ತೆ ಅಂತ ತಿಳಿಯುತ್ತೆ, ಪತ್ರ ಹರೀತಾನೆ. ಮನೆಗೆ ಬಂದ್ರೆ ಮಗಳು ಹೊಸ ಫ್ರಾಕು ಹಾಕ್ಕೊಂಡೇ ನಿದ್ದೆ ಹೋಗಿದಾಳೆ. ಅಂಚೆಯವ ತಣ್ಣಪ್ಪ, ರಾಮಾನುಜಂ ಮಗಳ ಮದುವೆ ನಿಲ್ಲಬಾರದು ಅಂತ ಸಾವಿನ ಸುದ್ದಿಯ ತಂತಿಯನ್ನೇ ಬಚ್ಚಿಡ್ತಾನೆ. ಮದುವೆ ನಡೆಯುತ್ತೆ, ಆದ್ರೆ ಮಾಡಿದ್ದು ಸರಿಯಾ ಅನ್ನೋದು ಹಾಗೇ ಉಳಿಯುತ್ತೆ. ಈಶ್ವರನ್ ಅನ್ನೋ ಹುಡುಗ ಪರೀಕ್ಷೆಯಲ್ಲಿ ಫೇಲಾಗಿ ಆಗಿ ನದಿ ಪಾಲಾಗ್ತಾನೆ. ಜಗನ್‌ಗೂ ಮಗನಿಗೂ ನಡುವೆ ಬಿದ್ದ ಬಿರುಕು ಮುಚ್ಚೋದೇ ಇಲ್ಲ. ಅಷ್ಟೇ ಯಾಕೆ, ಸ್ವಾಮಿಯ ಕತೆಯ ಕೊನೆ ನೆನಪಿದೆಯಾ? ರಾಜಂ ಊರು ಬಿಟ್ಟು ಹೊರಟಿದಾನೆ. ಮುನಿಸು ಇನ್ನೂ ತೀರಿಲ್ಲ. ಸ್ವಾಮಿ ಓಡಿ ಬಂದು ಒಂದು ಪುಸ್ತಕ ಕೊಡ್ತಾನೆ. ರೈಲು ಹೊರಡುತ್ತೆ. ರಾಜಂ ಏನಾದರೂ ಹೇಳಿದನಾ ಇಲ್ವಾ? ಮಣಿ ಹೇಳಿದ ಅಂತಾನೆ. ಅದು ನಿಜವಾ, ಸಮಾಧಾನಕ್ಕೆ ಹೇಳಿದ್ದಾ? ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಲಾಟರಿಯಲ್ಲಿ ರೋಡ್ ಎಂಜಿನ್ ಗೆದ್ದು ಒದ್ದಾಡುವವನ ಕತೆಯಂಥ ನಗುವಿನ ಕಂತುಗಳೂ ಇವೆ. ಆದ್ರೆ ಒಟ್ಟು ಲೆಕ್ಕ ಹಾಕಿದ್ರೆ ಅಳು ಕಡಿಮೆ ಇಲ್ಲ. ಹಾಗಿದ್ರೂ ಯಾಕೆ ನಮಗೆ ಇದು ಬೆಚ್ಚಗೆ?

ನನಗೆ ತೋಚಿದ್ದು ಇಷ್ಟು. ಒಂದು, ಅಲ್ಲಿನ ಕಷ್ಟದ ಗಾತ್ರ ಮನುಷ್ಯನಷ್ಟೇ. ಲೋಕ ಮುಳುಗಲ್ಲ, ಒಬ್ಬ ಮುಳುಗ್ತಾನೆ, ಮತ್ತೆ ಅವನ ಹೆಸರು ಎಲ್ಲರಿಗೂ ಗೊತ್ತು. ಎರಡು, ಕತೆ ಅವತ್ತೇ ಮುಗಿಯುತ್ತೆ, ಅಥವಾ ಕೆಲವೇ ವಾರಗಳಲ್ಲಿ. ದುಃಖ ಆಗಿದ್ರೂ ಅದಕ್ಕೊಂದು ಕೊನೆ ಇದೆ, ಆಮೇಲೆ ಟಿವಿ ಬಾಗಿಲು ಹಾಕಿ ಮಲಗಬಹುದು. ಮೂರು, ಕತೆ ಮುಗಿದ್ರೂ ಊರು ಮುಗಿಯಲ್ಲ. ಮುಂದಿನ ವಾರ ಬೇರೆಯವರ ಮನೆ, ಆದ್ರೆ ಅದೇ ಬೀದಿ, ಅದೇ ಗುನುಗು. ನನ್ನ ಮಗಳು "ಗೊತ್ತು, ಅದಕ್ಕೇ" ಅಂದಿದ್ದು ಇದನ್ನೇ ಇರಬೇಕು. ಮುಂದೇನಾಗುತ್ತೆ ಅಂತ ಗೊತ್ತಿರಬೇಕಿಲ್ಲ, ಎಲ್ಲಿ ಆಗುತ್ತೆ ಅಂತ ಗೊತ್ತಿದ್ರೆ ಸಾಕು.

ಆಮೇಲೆ ಬಂದ ಕಾಲ ಇದನ್ನ ತಲೆಕೆಳಗು ಮಾಡಿತು. 1990ರ ದಶಕದ ಮೊದಲಿಗೆ ಉಪಗ್ರಹ ಚಾನೆಲ್‌ಗಳು ಬಂದ್ವು. 1994ರಲ್ಲಿ ಕನ್ನಡಕ್ಕೆ ಉದಯ ಟಿವಿ ಬಂತು, ಅದೇ ವರ್ಷ ದೂರದರ್ಶನದಲ್ಲಿ ದಿನಾ ಬರುವ 'ಶಾಂತಿ'. ವಾರಕ್ಕೊಮ್ಮೆ ಇದ್ದದ್ದು ದಿನಕ್ಕೊಮ್ಮೆ ಆಯ್ತು. ನಾಳೆ ಜನ ಮತ್ತೆ ಬರಬೇಕು ಅಂದ್ರೆ ಇವತ್ತು ಕತೆ ಮುಗಿಯಬಾರದು, ಎಲ್ಲಿ ಎದೆ ಢವಢವ ಅನ್ನುತ್ತೋ ಅಲ್ಲೇ ನಿಲ್ಲಬೇಕು. ಮಾಲ್ಗುಡಿ ನಮ್ಮನ್ನ ಮಲಗಿಸಿ ಹೋಗ್ತಿತ್ತು, ಇವು ಎಬ್ಬಿಸಿ ಹೋಗ್ತವೆ.

ಹಾಗಂತ ಅವನ್ನೆಲ್ಲ ಬೈಯೋಕೆ ನನಗೆ ಮನಸ್ಸಿಲ್ಲ. ಟಿ.ಎನ್. ಸೀತಾರಾಂ ಅವರ 'ಮಾಯಾಮೃಗ' ಬರುವ ಹೊತ್ತಿಗೆ ನಮ್ಮಮ್ಮ ಯಾರ ಫೋನೂ ಎತ್ತುತ್ತಿರಲಿಲ್ಲ. 2002ರಲ್ಲಿ ಚಂದನದಲ್ಲಿ ಶುರುವಾದ 'ಥಟ್ ಅಂತ ಹೇಳಿ' ನೋಡಿ. ಅದರಲ್ಲಿ ಕತೆಯೇ ಇಲ್ಲ. ಡಾ. ನಾ. ಸೋಮೇಶ್ವರ ಅವರ ಅದೇ ದನಿ, ಬಹುಮಾನಕ್ಕೆ ಪುಸ್ತಕ. ಅಪ್ಪನಿಗೆ ಆಪರೇಷನ್ ಆದಾಗ ಆಸ್ಪತ್ರೆಯ ಟಿವಿಯಲ್ಲಿ ಹುಡುಕಿ ಹುಡುಕಿ ಅದನ್ನೇ ಹಾಕಿಸಿಕೊಂಡಿದ್ದರು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಊರಿಗೆ ಊರೇ ಬಾಗಿಲು ಹಾಕಿ ಕೂತಾಗ ದೂರದರ್ಶನ ಹಳೆಯ 'ರಾಮಾಯಣ' ಮತ್ತೆ ಹಾಕಿತು, ದೇಶಕ್ಕೆ ದೇಶವೇ ನೋಡಿತು. ಅದರ ಕತೆ ಗೊತ್ತಿಲ್ಲದವರು ಯಾರಿದ್ರು ಹೇಳಿ? ಹೊರಗೆ ಭಯ ಜಾಸ್ತಿಯಾದಷ್ಟೂ ಒಳಗೆ ಗೊತ್ತಿರೋದೇ ಬೇಕು.

*

ಇಲ್ಲಿಗೇ ನಿಲ್ಲಿಸಿದ್ರೆ ಇದೊಂದು ಚೆಂದದ ಹಳೇ ನೆನಪಿನ ಬರಹ ಆಗ್ತಿತ್ತು. ಆದ್ರೆ ಇಬ್ಬರ ಜಾಗದ ಬಗ್ಗೆ ಹೇಳ್ತೀನಿ ಅಂದಿದ್ದೆ.

ನಮ್ಮನೆಗೆ ಪಾತ್ರೆ ತೊಳೆಯೋಕೆ ಒಬ್ಬರು ಬರ್ತಿದ್ರು. (ಆಗ ನಾವು ಮಕ್ಕಳೂ ಅವರನ್ನ 'ಬಾ, ಹೋಗು' ಅಂತಲೇ ಕರೀತಿದ್ವಿ. ಬಹುವಚನ ಈಗ ಬರೆಯುವಾಗ ಬಂದದ್ದು.) ಜೊತೆಗೆ ಅವರ ಮಗ, ನನ್ನದೇ ವಯಸ್ಸು. ಮಾಲ್ಗುಡಿಯ ದಿನ ಅವರು ಕೆಲಸ ಮುಗಿಸಿದ ಮೇಲೂ ಉಳೀತಿದ್ರು. ಅವರಿಬ್ಬರು ಕೂರ್ತಿದ್ದದ್ದು ಹೊಸ್ತಿಲ ಆಚೆ, ಚಪ್ಪಲಿ ಬಿಡೋ ಜಾಗದಲ್ಲಿ. ಅಲ್ಲಿ ಕೂರಿ ಅಂತ ಯಾರೂ ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಪಕ್ಕದ ಮನೆಯವರಿಗೆ ಚಾಪೆ, ಅವರಿಗೆ ಹೊಸ್ತಿಲು. ಶುರುವಿನ ಗುನುಗನ್ನ ಆ ಹುಡುಗ ನನಗಿಂತ ಚೆನ್ನಾಗಿ ಹಾಡ್ತಿದ್ದ. ಮಳೆ ಬಂದ್ರೆ ಅವನ ಬೆನ್ನಿಗೆ ಎರಚಲು ಹೊಡೀತಿತ್ತು, ಅವನು ಮುಖ ತಿರುಗಿಸ್ತಿರಲಿಲ್ಲ.

ಒಂದು ಸಲ ಅಮ್ಮನ ಒಂದು ಓಲೆ ಕಾಣೆಯಾಯ್ತು. ಮನೆಯೆಲ್ಲ ಹುಡುಕಿದ್ವಿ. ಯಾರೂ ಯಾರನ್ನೂ ಬೈಯಲಿಲ್ಲ, ಪೊಲೀಸು ಗಿಲೀಸು ಅಂತ ಏನೂ ಇಲ್ಲ. ಎರಡು ದಿನ ಬಿಟ್ಟು ಅಮ್ಮ ಅವರಿಗೆ ತಿಂಗಳ ಸಂಬಳ ಪೂರ್ತಿ ಕೊಟ್ಟು, "ನಾಳೆಯಿಂದ ನಾವೇ ಮಾಡ್ಕೋತೀವಿ ಬಿಡು" ಅಂದರು. ಅವರು ಏನೂ ಕೇಳಲಿಲ್ಲ. ಮುಂದಿನ ವಾರ ಮಾಲ್ಗುಡಿ ಬಂತು. ಹೊಸ್ತಿಲ ಆಚೆ ಯಾರೂ ಇರಲಿಲ್ಲ. ನಾನು ಗಮನಿಸಿದೆನಾ? ಗಮನಿಸಿದೆ ಅಂತ ಬರೆಯೋಕೆ ಆಸೆ, ಆದ್ರೆ ನಿಜ ಹೇಳಬೇಕು ಅಂದ್ರೆ ಇಲ್ಲ.

ಜ್ವರದ ಮಗಳ ಪಕ್ಕ ಕೂತು ನೋಡಿದ ಕಂತುಗಳಲ್ಲಿ 'ಲೀಲಾಳ ಗೆಳೆಯ' ಕೂಡ ಒಂದು. ಸಿದ್ದ ಅನ್ನೋ ಮನೆಗೆಲಸದ ಆಳು, ಐದು ವರ್ಷದ ಲೀಲಾ. ಚೆಂಡು ಮೇಲೆಸೆದು ಅದು ಚಂದ್ರನನ್ನ ಮುಟ್ಟಿ ಬಂತು ಅಂತ ಅವಳನ್ನ ನಂಬಿಸ್ತಾನೆ. ಅವಳ ಸರ ಕಾಣೆಯಾಗುತ್ತೆ. ಅವನ ಮೇಲೆ ಅನುಮಾನ ಬೀಳುತ್ತೆ, ಪೊಲೀಸರು ಹಿಡೀತಾರೆ. ಸರ ಸಿಗೋದು ಹುಣಸೆಹಣ್ಣಿನ ಭರಣಿಯಲ್ಲಿ, ಹಾಕಿದ್ದು ಮಗುವೇ. ನಾರಾಯಣ್ ಅವರ ಕತೆಯಲ್ಲಿ ಅತ್ಯಂತ ಕಟುವಾದದ್ದು ಅದಾದ ಮೇಲೆ ಬರುತ್ತೆ. ಸರ ಸಿಕ್ಕ ಮೇಲೂ ಮನೆಯ ಯಜಮಾನ ಪಶ್ಚಾತ್ತಾಪ ಪಡಲ್ಲ. ಹೇಗಿದ್ರೂ ಅಂಥವನನ್ನ ಮನೇಲಿ ಇಟ್ಕೊಳ್ಳೋ ಹಾಗಿರಲಿಲ್ಲ ಅನ್ನೋದು ಅವನ ತೀರ್ಮಾನ.

ಅವತ್ತು ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. ಅಮ್ಮನಿಗೆ ಈಗ ಎಪ್ಪತ್ತಾರು. "ಆ ಓಲೆ ಆಮೇಲೆ ಸಿಕ್ತಾ?" ಅಂತ ಕೇಳಿದೆ. ಯಾವ ಓಲೆ ಅಂತ ಅಮ್ಮ ಕೇಳಲೇ ಇಲ್ಲ. "ಇಲ್ಲ ಕಣೋ" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವಳು ತೊಗೊಂಡಿರಲಿಲ್ಲ ಅನ್ಸುತ್ತೆ" ಅಂದರು. "ಯಾವಾಗ ಹಾಗನ್ನಿಸ್ತು?" ಅಂದೆ.

"ಆಗಲೇ ಅನ್ನಿಸಿತ್ತು" ಅಂದರು ಅಮ್ಮ.

*

ಈ ಬರಹವನ್ನ ಎರಡು ವಾರ ಮುಂದಕ್ಕೆ ಹಾಕಿದ್ದು ಅದಕ್ಕೇ. ಬೆಚ್ಚಗೆ ಅನ್ನೋದಕ್ಕೆ ಹೊರಗೆ ಮಳೆ ಬೇಕು ಅಂತ ಸಲೀಸಾಗಿ ಬರೆದುಬಿಟ್ಟಿದ್ದೆ. ಆ ಮಳೆಯಲ್ಲಿ ಯಾರು ಕೂತಿದ್ರು ಅಂತ ಕೇಳ್ಕೊಂಡಿರಲಿಲ್ಲ.

ಹಾಗಾದ್ರೆ ಆ ಬೆಚ್ಚಗಿನದ್ದೆಲ್ಲ ಸುಳ್ಳಾ? ಸುಳ್ಳು ಅಂತ ನನಗನ್ನಿಸಲ್ಲ. ಅಜ್ಜಿ ಕಾಲು ಮಡಚಿ ನೆಟ್ಟಗೆ ಕೂತದ್ದು ನಿಜ. ಆ ಹುಡುಗ ಎರಚಲಿಗೆ ಬೆನ್ನು ಕೊಟ್ಟು ನೋಡಿದ್ದೂ ನಿಜ, ಅವನಿಗೂ ಅದು ಬೆಚ್ಚಗೇ ಇದ್ದಿರಬೇಕು. ಮಾಲ್ಗುಡಿಯ ದೊಡ್ಡತನ ಇರೋದು ಇಲ್ಲೇ ಅನ್ಸುತ್ತೆ. ಸಿದ್ದನ ಕತೆ, ಫ್ರಾಕು ಹಾಕ್ಕೊಂಡು ಮಲಗಿದ ಮಗುವಿನ ಕತೆ, ತಂತಿ ಬಚ್ಚಿಟ್ಟವನ ಕತೆ ಎಲ್ಲವೂ ಆ ಊರಿನ ಒಳಗೇ ಇವೆ. ನಾರಾಯಣ್ ಆಗಲಿ ಶಂಕರ್‌ನಾಗ್ ಆಗಲಿ ಅವನ್ನ ಊರಾಚೆ ಇಡಲಿಲ್ಲ. ಮುದ್ದು ಮುದ್ದಾದದ್ದನ್ನ ಮಾತ್ರ ಆರಿಸಿಕೊಂಡು ಉಳಿದದ್ದನ್ನ ಮರೆತದ್ದು ನನ್ನ ನೆನಪು. ಹೊಸ್ತಿಲು ಹಾಕಿದ್ದು ನಾವು.

ಶಂಕರ್‌ನಾಗ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರ ಆನಗೋಡಿನಲ್ಲಿ ಅಪಘಾತದಲ್ಲಿ ಹೋದರು. ಮೂವತ್ತಾರೂ ತುಂಬಿರಲಿಲ್ಲ. ನಾರಾಯಣ್ 2001ರಲ್ಲಿ, ಲಕ್ಷ್ಮಣ್ 2015ರಲ್ಲಿ, ಸ್ವಾಮಿಯ ಅಪ್ಪ ಕಾರ್ನಾಡ್ 2019ರಲ್ಲಿ ಹೋದರು. ಹೊಸನಗರ ತಾಲ್ಲೂಕಿನ ಅರಸಾಳು ಸ್ಟೇಷನ್ನು ಸೀರಿಯಲ್ಲಿನಲ್ಲಿ ಮಾಲ್ಗುಡಿ ಸ್ಟೇಷನ್ನಾಗಿತ್ತಲ್ಲ, ಅಲ್ಲಿನ ಹಳೇ ಕಟ್ಟಡವನ್ನ ರೈಲ್ವೆಯವರು 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದ್ರು. ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಮಗಳನ್ನ ಕರ್ಕೊಂಡು ಹೋಗಿದ್ದೆ. "ಇಲ್ಲೇ ಅಪ್ಪಾ ಅವನು ಓಡಿ ಬಂದಿದ್ದು?" ಅಂತ ಕೇಳಿ, ಪ್ಲಾಟ್‌ಫಾರಂ ತುಂಬ ತಾನೂ ಓಡಿದಳು. ನಾನು ಫೋಟೋ ತೆಗೆದೆ. ಆ ಹುಡುಗ ಆಗ ನೆನಪಾಗಿರಲಿಲ್ಲ. ಈಗ ಆ ಫೋಟೋ ನೋಡಿದ್ರೆ ಅವನೇ ನೆನಪಾಗ್ತಾನೆ. ಅವನ ಹೆಸರು ನನಗೆ ನೆನಪಿದೆ, ಊರು ಗೊತ್ತಿಲ್ಲ. ಎಲ್ಲೋ ಇರ್ತಾನೆ, ನನ್ನ ಹಾಗೇ ಕೂದಲು ನರೆತಿರುತ್ತೆ. ಅವನ ಮನೆಯ ಟಿವಿಯಲ್ಲೂ ಆ ಗುನುಗು ಬಂದ್ರೆ ಅವನಿಗೆ ಏನು ನೆನಪಾಗುತ್ತೋ.

ಮಗಳ ಜ್ವರ ಬಿಟ್ಟಿದೆ, ಸ್ಕೂಲಿಗೆ ಹೋಗ್ತಿದಾಳೆ. ಈಗ ಪ್ರತಿ ಶನಿವಾರ ರಾತ್ರಿ ಒಂದೊಂದು ಕಂತು ಅಂತ ಒಪ್ಪಂದ ಆಗಿದೆ. ಒಂದೇ, ಎರಡಿಲ್ಲ. ಅಡುಗೆ ಮಾಡೋಕೆ ಬರುವವರಿಗೂ ಸೋಫಾದಲ್ಲೇ ಜಾಗ. ಮೊದಲ ದಿನ ಅವರು ಬಾಗಿಲ ಹತ್ತಿರವೇ ನಿಂತಿದ್ರು, ಮಗಳು ಕೈ ಹಿಡಿದು ಎಳ್ಕೊಂಡು ಬಂದಳು. ಇದನ್ನ ಬರೆದು ನನ್ನ ಬೆನ್ನು ನಾನೇ ತಟ್ಟಿಕೊಳ್ತಿಲ್ಲ, ನಲವತ್ತು ವರ್ಷ ತಡವಾಗಿದೆ.

ನಿಮ್ಮನೇಲಿ ಮಾಲ್ಗುಡಿ ನೋಡುವಾಗ ಯಾರು ಯಾರು ಎಲ್ಲೆಲ್ಲಿ ಕೂರ್ತಿದ್ರು? ನೆನಪು ಮಾಡ್ಕೊಂಡು ಬರೀರಿ. ಬಾಗಿಲ ಹತ್ತಿರ ಇದ್ದವರನ್ನೂ ಸೇರಿಸಿ.